ದೇವರು ಬದಲಾದರು, ಗುಡಿ ಉಳಿಯಿತು

ರೋಮ್ ನಗರದ ಹಳೆಯ ಭಾಗದ ಇಕ್ಕಟ್ಟಾದ ಬೀದಿಗಳಲ್ಲಿ ನಡೆದು ಬರುವ ಪ್ರವಾಸಿಗೆ ಆ ಕಟ್ಟಡ ದೂರದಿಂದ ಕಾಣಿಸುವುದಿಲ್ಲ. ಓಣಿಯೊಂದರ ತಿರುವು ದಾಟಿದೊಡನೆ ಚಿಕ್ಕ ಚೌಕವೊಂದು ಎದುರಾಗುತ್ತದೆ. ನಡುವೆ ಕಾರಂಜಿ, ಅದರ ಮೇಲೆ ಈಜಿಪ್ಟಿನ ದೊರೆ ರಾಮ್ಸೆಸನ ಕಾಲದ ಒಂಟಿ ಕಲ್ಲುಗಂಬ, ಸುತ್ತಲೂ ಬೀದಿಗೇ ಮೇಜು ಕುರ್ಚಿ ಹಾಕಿದ ಹೋಟೆಲುಗಳು. ಚೌಕದ ದಕ್ಷಿಣ ಬದಿಗೆ, ಹದಿನಾರು ದೈತ್ಯ ಕಂಬಗಳ ಮುಖಮಂಟಪ. ಅದೇ ಪ್ಯಾಂಥಿಯನ್. ಸುಮಾರು 1,900 ವರ್ಷ ಹಳೆಯ ರೋಮನ್ ದೇವಾಲಯ.

ಮಂಟಪದ ಮುಂದೆ ಎರಡು ಬಗೆಯ ಜನ ಕಾಣಸಿಗುತ್ತಾರೆ. ಕ್ಯಾಮೆರಾ ತೂಗುಹಾಕಿಕೊಂಡು ಟಿಕೆಟ್ಟಿಗಾಗಿ ಸಾಲು ನಿಂತವರು ಒಂದು ಬಗೆ. ಬಲಿಪೂಜೆಯ ಹೊತ್ತಿಗೆ ಪ್ರಾರ್ಥನೆಗೆಂದು ಬರುವವರು ಇನ್ನೊಂದು ಬಗೆ. 2023ರ ಜುಲೈ 3ರಿಂದ ಇಲ್ಲಿ ಪ್ರವೇಶ ಶುಲ್ಕ ಜಾರಿಗೆ ಬಂತು. ಆಗ ನಿಗದಿಯಾದದ್ದು 5 ಯೂರೋ. ಆದರೆ ಪೂಜೆಗೆ ಬರುವ ಭಕ್ತರಿಗೆ ಈ ಶುಲ್ಕವಿಲ್ಲ. ನೋಡಲು ಬಂದವರಿಗೆ ದುಡ್ಡು, ಕೈ ಜೋಡಿಸಲು ಬಂದವರಿಗೆ ಪುಕ್ಕಟೆ.

ಹಾಗಾದರೆ ಇದು ರೋಮನ್ನರ ಗುಡಿಯೇ, ಕ್ರೈಸ್ತರ ಇಗರ್ಜಿಯೇ, ಅರಸರ ಸಮಾಧಿಯೇ, ಅಥವಾ ಸರ್ಕಾರ ನೋಡಿಕೊಳ್ಳುವ ಸ್ಮಾರಕವೇ? ನಾಲ್ಕಕ್ಕೂ ಉತ್ತರ ಹೌದು ಎಂದೇ. ಪ್ರಾಚೀನ ರೋಮಿನ ಹಿರಿಯ ಗುಡಿಗಳಲ್ಲಿ ಒಳಗೂ ಹೊರಗೂ ಇಷ್ಟು ಇಡಿಯಾಗಿ ಉಳಿದದ್ದು ಇನ್ನೊಂದಿಲ್ಲ. ಗಟ್ಟಿಯಾಗಿ ಕಟ್ಟಿದ್ದರಿಂದ ಉಳಿಯಿತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಯಾರಾದರೊಬ್ಬರು ಸದಾ ಬಳಸುತ್ತಿದ್ದುದರಿಂದ ಉಳಿಯಿತು ಎಂಬುದು ಉಳಿದರ್ಧ.

ಹೆಸರು ಒಬ್ಬನದು, ಕೆಲಸ ಇನ್ನೊಬ್ಬನದು

ಮುಖಮಂಟಪದ ಮೇಲೆ ದಪ್ಪ ಅಕ್ಷರಗಳಲ್ಲಿ ಲ್ಯಾಟಿನ್ ಶಾಸನವೊಂದಿದೆ. ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ, ಮೂರನೆಯ ಬಾರಿ ಕಾನ್ಸಲ್ ಆಗಿದ್ದಾಗ ಇದನ್ನು ಕಟ್ಟಿಸಿದ ಎಂಬುದು ಅದರ ಅರ್ಥ. ಕಾನ್ಸಲ್ ಎಂದರೆ ರೋಮಿನಲ್ಲಿ ವರ್ಷಕ್ಕೊಮ್ಮೆ ಆರಿಸುತ್ತಿದ್ದ ಅತ್ಯುನ್ನತ ಅಧಿಕಾರಿ. ಅಗ್ರಿಪ್ಪ ಮೊದಲ ಚಕ್ರವರ್ತಿ ಅಗಸ್ಟಸನ ಗೆಳೆಯ, ಸೇನಾನಿ, ಮುಂದೆ ಅಳಿಯ. ಅವನು ಮೂರನೆಯ ಬಾರಿ ಕಾನ್ಸಲ್ ಆದದ್ದು ಕ್ರಿ.ಪೂ. 27ರಲ್ಲಿ.

ಕನ್ನಡಿಗರಿಗೆ ಆ ಕಾಲ ತೀರಾ ಅಪರಿಚಿತವೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಇದೇ ಅಗಸ್ಟಸನ ನಾಣ್ಯವೂ ಇದೆ. ಅವನ ಅಳಿಯ ರೋಮಿನಲ್ಲಿ ಗುಡಿ ಕಟ್ಟಿಸಿದರೆ, ಅವನ ಮುದ್ರೆ ಹೊತ್ತ ಬೆಳ್ಳಿ ವ್ಯಾಪಾರದ ದಾರಿ ಹಿಡಿದು ನಮ್ಮ ಬಯಲುಸೀಮೆಗೂ ಬಂದಿತ್ತು.

ಆದರೆ ಇಂದು ನಿಂತಿರುವುದು ಅಗ್ರಿಪ್ಪ ಕಟ್ಟಿಸಿದ ಗುಡಿಯಲ್ಲ. ಅದು ಕ್ರಿ.ಶ. 80ರ ಬೆಂಕಿಯಲ್ಲಿ ಸುಟ್ಟುಹೋಯಿತು. ಚಕ್ರವರ್ತಿ ಡೊಮಿಷಿಯನ್ ಅದನ್ನು ಮತ್ತೆ ಕಟ್ಟಿಸಿದ. ಅದೂ 110ರಲ್ಲಿ ಸಿಡಿಲು ಬಡಿದು ಉರಿಯಿತು. ಈಗಿನದು ಮೂರನೆಯದು. ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಸುಮಾರು 126ರ ಹೊತ್ತಿಗೆ ಮುಗಿದದ್ದು. ತಾನು ಕಟ್ಟಿಸಿದ ಕಟ್ಟಡಗಳ ಮೇಲೆ ತನ್ನ ಹೆಸರು ಹಾಕಿಸಿಕೊಳ್ಳುವುದು ಹೇಡ್ರಿಯನ್ನನ ರೂಢಿಯಾಗಿರಲಿಲ್ಲ. ಮೊದಲಿನವನ ಹೆಸರನ್ನೇ ಮತ್ತೆ ಕೆತ್ತಿಸಿದ.

ಈ ಔದಾರ್ಯ ಮುಂದಿನವರನ್ನು ಶತಮಾನಗಟ್ಟಲೆ ದಾರಿತಪ್ಪಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಹುಪಾಲು ಜನ ಇದನ್ನು ಅಗ್ರಿಪ್ಪನ ಕಟ್ಟಡವೆಂದೇ ನಂಬಿದ್ದರು. 1892ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಜಾರ್ಜ್ ಶೆಡಾನ್ ಗೋಡೆಯ ಇಟ್ಟಿಗೆಗಳನ್ನು ಪರೀಕ್ಷಿಸಿದ. ನಮ್ಮ ಇಟ್ಟಿಗೆ ಗೂಡಿನವರು ಹಸಿ ಇಟ್ಟಿಗೆಯ ಮೇಲೆ ತಮ್ಮ ಹೆಸರಿನ ಅಕ್ಷರ ಒತ್ತುವಂತೆ ರೋಮನ್ನರೂ ಮುದ್ರೆ ಒತ್ತುತ್ತಿದ್ದರು. ಕೆಲವು ಮುದ್ರೆಗಳಲ್ಲಿ ಆ ವರ್ಷದ ಕಾನ್ಸಲರ ಹೆಸರೂ ಇರುತ್ತಿತ್ತು. ಆ ಮುದ್ರೆಗಳು ಹೇಡ್ರಿಯನ್ನನ ಕಾಲವನ್ನು ಸೂಚಿಸಿದವು. ಅವೇ ಮುದ್ರೆಗಳನ್ನು ಮತ್ತೆ ಓದಿದ ಈಚಿನ ವಿದ್ವಾಂಸರು, ಅವನ ಹಿಂದಿನ ದೊರೆ ಟ್ರಾಜನ್ ಇದ್ದಾಗಲೇ ಕೆಲಸ ಶುರುವಾಗಿತ್ತು ಎನ್ನುತ್ತಾರೆ. ಕಲ್ಲಿನ ಶಾಸನ ಮುಚ್ಚಿಟ್ಟದ್ದನ್ನು ಇಟ್ಟಿಗೆ ಹೇಳಿತು.

ಮಂಟಪದ ಕಂಬಗಳಿಗೂ ದೊಡ್ಡ ಕಥೆಯೇ ಇದೆ. ಒಂದೊಂದೂ ಏಕಶಿಲೆ. ಸುಮಾರು 12 ಮೀಟರ್, ಅಂದರೆ 40 ಅಡಿ ಎತ್ತರ. ತೂಕ ಸುಮಾರು 60 ಟನ್. ಮುಂದಿನ ಸಾಲಿನ ಬೂದು ಬಣ್ಣದ ಗ್ರಾನೈಟ್ ಈಜಿಪ್ಟಿನ ಪೂರ್ವದ ಮರುಭೂಮಿಯ ಗಣಿಗಳದು. ಹಿಂದಿನವು ಅಸ್ವಾನಿನ ಕೆಂಗಲ್ಲು. ಗಣಿಯಿಂದ ನೈಲ್ ನದಿಗೆ, ನದಿಯಿಂದ ಮೆಡಿಟರೇನಿಯನ್ ಸಮುದ್ರಕ್ಕೆ, ಅಲ್ಲಿಂದ ಟೈಬರ್ ನದಿಯ ದೋಣಿಗಳಿಗೆ ಏರಿ ಇಳಿದು ಅವು ರೋಮ್ ಸೇರಿದವು. ಮಂಟಪದ ತ್ರಿಕೋನಾಕಾರದ ಮುಖದ ಹಿಂದೆ, ಇನ್ನೂ ಎತ್ತರದಲ್ಲಿ ಅದೇ ಆಕಾರದ ಇನ್ನೊಂದು ಗೆರೆ ಗೋಡೆಯಲ್ಲಿ ಕಾಣುತ್ತದೆ. ಮೊದಲ ನಕ್ಷೆಯಲ್ಲಿ 50 ಅಡಿಯ ಕಂಬಗಳಿದ್ದು, ಅವು ಸಿಗದೆ 40 ಅಡಿಯವುಗಳಲ್ಲೇ ತೃಪ್ತಿಪಡಬೇಕಾಯಿತು ಎಂಬುದು ಅದನ್ನು ನೋಡಿ ಕೆಲವು ವಿದ್ವಾಂಸರು ಮಾಡಿರುವ ಊಹೆ. ಚಕ್ರವರ್ತಿಯ ಕಾಮಗಾರಿಗೂ ಸಾಮಗ್ರಿಯ ಕೊರತೆ ತಪ್ಪಿರಲಿಲ್ಲವೋ ಏನೋ.

ಗುಮ್ಮಟದ ಗುಟ್ಟು

ಕಂಚಿನ ಬೃಹತ್ ಬಾಗಿಲು ದಾಟಿ ಒಳಗೆ ಕಾಲಿಟ್ಟವನು ಮೊದಲು ಮಾಡುವ ಕೆಲಸ ತಲೆ ಎತ್ತುವುದು. ಎದುರಿಗೆ ಒಂದೇ ಒಂದು ವೃತ್ತಾಕಾರದ ಹಜಾರ. ನಡುವೆ ಕಂಬವಿಲ್ಲ, ಗೋಡೆಯಲ್ಲಿ ಕಿಟಕಿಯಿಲ್ಲ. ಮೇಲೆ ಅರ್ಧಗೋಳದಂಥ ಗುಮ್ಮಟ. ಅದರ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ದುಂಡನೆಯ ಬೆಳಕಿಂಡಿ. ಬಾಗಿಲನ್ನು ಬಿಟ್ಟರೆ ಬೆಳಕು ಬರುವುದು ಅಲ್ಲಿಂದಲೇ.

ಹಜಾರದ ಅಡ್ಡಳತೆ 43.3 ಮೀಟರ್. ನೆಲದಿಂದ ಬೆಳಕಿಂಡಿಯವರೆಗಿನ ಎತ್ತರವೂ ಅಷ್ಟೇ. ಅಂದರೆ 43 ಮೀಟರಿನ ಚೆಂಡೊಂದನ್ನು ಇದರೊಳಗೆ ಇಟ್ಟರೆ ನೆಲಕ್ಕೂ ನೆತ್ತಿಗೂ ಸರಿಯಾಗಿ ತಾಗಿ ಕೂರುತ್ತದೆ. ಕಬ್ಬಿಣದ ಸರಳು ಹಾಕದೆ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಜಗತ್ತಿನಲ್ಲಿ ಇದೇ ದೊಡ್ಡದು. ಹದಿನಾರನೆಯ ಶತಮಾನದಲ್ಲಿ ಮೈಕೆಲೆಂಜೆಲೊ ರೂಪಿಸಿದ ಸೇಂಟ್ ಪೀಟರ್ ಇಗರ್ಜಿಯ ಗುಮ್ಮಟ ಕೂಡ ಅಗಲದಲ್ಲಿ ಇದಕ್ಕಿಂತ ತುಸು ಕಡಿಮೆ.

ವಿಜಯಪುರದ ಗೋಲ ಗುಮ್ಮಟ ನೋಡಿದವರಿಗೆ ಇಲ್ಲಿ ಹೋಲಿಕೆ ಹೊಳೆಯದೆ ಇರದು. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಎರಡನ್ನೂ ಅಳತೆ ಹಿಡಿದು ಹೋಲಿಸಿದ್ದಾನೆ. ಗುಮ್ಮಟದ ಒಳ ಅಗಲದಲ್ಲಿ ಪ್ಯಾಂಥಿಯನ್ ದೊಡ್ಡದು. ಆದರೆ ಒಂದೇ ಗುಮ್ಮಟದಡಿ ಸಿಗುವ ನೆಲದ ವಿಸ್ತಾರದಲ್ಲಿ ಗೋಲ ಗುಮ್ಮಟವೇ ಮುಂದು. ಅಲ್ಲಿ ಸುಮಾರು 18,000 ಚದರ ಅಡಿ, ಇಲ್ಲಿ ಸುಮಾರು 16,000. ಆದಿಲ್‌ಶಾಹಿ ಕಟ್ಟಡಗಾರರು ಒಂದನ್ನೊಂದು ಹಾಯುವ ಕಮಾನುಗಳನ್ನು ಎತ್ತಿ ಚೌಕದ ಮೇಲೆ ದುಂಡು ಗುಮ್ಮಟ ಕೂರಿಸಿದರು. ರೋಮನ್ನರು ದುಂಡು ಗೋಡೆಯ ಮೇಲೇ ದುಂಡು ಗುಮ್ಮಟ ಇಟ್ಟರು. ಸಮಸ್ಯೆ ಒಂದೇ, ಬಿಡಿಸಿದ ಬಗೆ ಬೇರೆ.

ಇಷ್ಟು ಭಾರ ಕುಸಿಯದೆ ನಿಂತದ್ದು ಹೇಗೆ? ಮೊದಲ ಉತ್ತರ ಗಾರೆಯಲ್ಲಿದೆ. ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು. ನಮ್ಮಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಸುರ್ಕಿ ಗಾರೆ ಮಾಡುತ್ತಿದ್ದಂತೆಯೇ ಇದು. ಕನ್ನಂಬಾಡಿ ಕಟ್ಟೆ ಎದ್ದದ್ದು ಇಂಥ ಸುರ್ಕಿ ಗಾರೆಯಿಂದ. ಹಳೆಯ ರೋಮನ್ ಗಾರೆಯಲ್ಲಿ ಅಲ್ಲಲ್ಲಿ ಸುಣ್ಣದ ಬಿಳಿ ಗಂಟುಗಳು ಉಳಿದಿರುತ್ತವೆ. ಸರಿಯಾಗಿ ಕಲಸದ್ದರಿಂದ ಉಳಿದ ದೋಷವೆಂದು ಅವನ್ನು ಬಹುಕಾಲ ಭಾವಿಸಲಾಗಿತ್ತು. ಬಿರುಕು ಬಿಟ್ಟಾಗ ನೀರು ಈ ಗಂಟುಗಳನ್ನು ಕರಗಿಸಿ ಬಿರುಕನ್ನು ತಾನಾಗಿಯೇ ತುಂಬಬಲ್ಲದು ಎಂದು ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಅವರು ಪರೀಕ್ಷಿಸಿದ್ದು ಪ್ರಿವೆರ್ನಮ್ ಎಂಬ ಇನ್ನೊಂದು ರೋಮನ್ ಊರಿನ ಗೋಡೆಯ ತುಣುಕುಗಳನ್ನು.

ಎರಡನೆಯ ಉತ್ತರ ತೂಕದ ಲೆಕ್ಕಾಚಾರದಲ್ಲಿದೆ. ಗೋಡೆ ಸುಮಾರು 6 ಮೀಟರ್ ದಪ್ಪ. ಗುಮ್ಮಟ ಬುಡದಲ್ಲಿ ಅಷ್ಟೇ ದಪ್ಪವಿದ್ದು, ಬೆಳಕಿಂಡಿಯ ಬಳಿ ಬರುವಷ್ಟರಲ್ಲಿ 1.2 ಮೀಟರಿಗೆ ಇಳಿಯುತ್ತದೆ. ಕಾಂಕ್ರೀಟಿಗೆ ಬೆರೆಸಿದ ಜಲ್ಲಿಯೂ ಮೇಲೆ ಹೋದಂತೆ ಹಗುರವಾಗುತ್ತದೆ. ಬುಡದಲ್ಲಿ ಭಾರದ ಸುಣ್ಣಕಲ್ಲು, ಮೇಲೆ ಇಟ್ಟಿಗೆ ಚೂರು, ನೆತ್ತಿಯಲ್ಲಿ ಪ್ಯೂಮಿಸ್ ಎಂಬ ತೂತು ತೂತಾದ ಹಗುರ ಕಲ್ಲು. ಗುಮ್ಮಟದ ಒಳಮೈಯಲ್ಲಿ ಐದು ಸುತ್ತು, ಸುತ್ತಿಗೆ 28ರಂತೆ 140 ತಗ್ಗು ಚೌಕಗಳು ನೋಡಲು ಅಲಂಕಾರ, ಜೊತೆಗೆ ಭಾರವನ್ನೂ ಇಳಿಸುತ್ತವೆ.

ಎಲ್ಲಕ್ಕಿಂತ ಬೆರಗಿನದು ಆ ಬೆಳಕಿಂಡಿ. ನೆತ್ತಿಯಲ್ಲೇ ತೂತು ಬಿಟ್ಟರೆ ಗುಮ್ಮಟ ದುರ್ಬಲವಾಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ನಮ್ಮ ಬಾವಿಗಳಿಗೆ ದುಂಡಗೆ ಕಲ್ಲು ಕಟ್ಟುವುದನ್ನು ನೆನೆದರೆ ಗುಟ್ಟು ಬಿಡುತ್ತದೆ. ಸುತ್ತಲಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಇಲ್ಲಿಯೂ ಹಾಗೆಯೇ. ಗುಮ್ಮಟದ ಒತ್ತಡವನ್ನೆಲ್ಲ ಬೆಳಕಿಂಡಿಯ ಅಂಚಿನ ಬಳೆ ತಡೆದು ನಿಲ್ಲಿಸುತ್ತದೆ. ಅತ್ಯಂತ ಭಾರವಾಗಬಹುದಾಗಿದ್ದ ನೆತ್ತಿಯ ಭಾಗವನ್ನು ಖಾಲಿ ಬಿಟ್ಟಂತೆಯೂ ಆಯಿತು.

ಮಳೆ ಒಳಗೆ ಬೀಳುವುದಿಲ್ಲ ಎಂಬ ಮಾತೊಂದು ಪ್ರವಾಸಿಗರ ನಡುವೆ ಚಲಾವಣೆಯಲ್ಲಿದೆ. ಅದು ಸುಳ್ಳು. ಮಳೆ ಬಂದರೆ ನೆಲ ನೆನೆಯುತ್ತದೆ. ಅದಕ್ಕಾಗಿಯೇ ಅಮೃತಶಿಲೆಯ ನೆಲವನ್ನು ನಡುವೆ ತುಸು ಉಬ್ಬಿಸಿ, ನೀರು ಇಳಿದುಹೋಗಲು 22 ಸಣ್ಣ ತೂತುಗಳನ್ನು ಕೊರೆದಿದ್ದಾರೆ.

ಎಲ್ಲ ದೇವರ ಗುಡಿಯೇ?

ಗ್ರೀಕ್ ಭಾಷೆಯಲ್ಲಿ ಪ್ಯಾನ್ ಎಂದರೆ ಎಲ್ಲ, ಥಿಯೋಸ್ ಎಂದರೆ ದೇವರು. ಹೀಗಾಗಿ ಪ್ಯಾಂಥಿಯನ್ ಎಂದರೆ ಎಲ್ಲ ದೇವರುಗಳ ಗುಡಿ ಎಂಬ ಅರ್ಥ ರೂಢಿಯಲ್ಲಿದೆ. ಆದರೆ ಈ ಕಟ್ಟಡ ಮುಗಿದ ನೂರು ವರ್ಷದೊಳಗೆ ಬರೆದ ಇತಿಹಾಸಕಾರ ಕ್ಯಾಸಿಯಸ್ ಡಿಯೊಗೇ ಹೆಸರಿನ ಬಗ್ಗೆ ಖಚಿತವಿರಲಿಲ್ಲ. ಇಲ್ಲಿ ಹಲವು ದೇವತೆಗಳ ಮೂರ್ತಿಗಳಿದ್ದುದರಿಂದ ಆ ಹೆಸರು ಬಂದಿರಬಹುದು ಎಂದು ಹೇಳಿ, ಗುಮ್ಮಟ ಆಕಾಶವನ್ನು ಹೋಲುವುದರಿಂದ ಬಂತು ಎಂಬುದು ತನ್ನ ಅಭಿಪ್ರಾಯವೆಂದು ಆತ ಬರೆದ.

ಸಾಮಾನ್ಯ ರೋಮನ್ ಗುಡಿಯಲ್ಲಿ ಬಲಿ, ಪೂಜೆ ಎಲ್ಲ ನಡೆಯುತ್ತಿದ್ದುದು ಹೊರಗಿನ ಬಲಿಪೀಠದ ಬಳಿ. ಒಳಗಿನ ಕೋಣೆ ದೇವರ ಮೂರ್ತಿಯ ಮನೆ ಮಾತ್ರ. ಜನ ನೆರೆಯುವ ಹಜಾರ ಅದಾಗಿರಲಿಲ್ಲ. ಪ್ಯಾಂಥಿಯನ್ ಈ ಕಟ್ಟಳೆಯನ್ನು ಮುರಿಯಿತು. ಅಂದು ಮುಂದಿನ ಅಂಗಳದ ಎರಡೂ ಬದಿಗೆ ಕಂಬಗಳ ಸಾಲಿದ್ದು, ಹಿಂದಿನ ದುಂಡು ಗೋಡೆಯನ್ನು ಮರೆಮಾಡಿತ್ತು. ನೆಲವೂ ಈಗಿನದಕ್ಕಿಂತ ತಗ್ಗಿನಲ್ಲಿದ್ದು, ಮೆಟ್ಟಿಲು ಹತ್ತಿ ಮಂಟಪಕ್ಕೆ ಬರಬೇಕಿತ್ತು. ಎದುರಿನಿಂದ ನೋಡಿದವನಿಗೆ ಎಲ್ಲ ಗುಡಿಗಳಂತೆ ಇದೂ ಒಂದು. ಒಳಗೆ ಬಂದಾಗ ಮಾತ್ರ ತಲೆಯ ಮೇಲೆ ಆಕಾಶ ತೆರೆದುಕೊಳ್ಳುತ್ತಿತ್ತು. ಶತಮಾನಗಳ ಮಣ್ಣು, ಕಟ್ಟಡಗಳ ಅವಶೇಷ ಸೇರಿ ಚೌಕದ ನೆಲ ಏರಿದೆ. ಅಂದು ಹತ್ತಿ ಬರುತ್ತಿದ್ದ ಗುಡಿಗೆ ಇಂದು ಪ್ರವಾಸಿ ಇಳಿದು ಬರುತ್ತಾನೆ.

ಇಲ್ಲಿ ದೇವರಷ್ಟೇ ದೊರೆಗೂ ಜಾಗವಿತ್ತು. ಹೇಡ್ರಿಯನ್ ಇಲ್ಲಿ ಕುಳಿತು ರಾಜ್ಯದ ವಿಚಾರಣೆ ನಡೆಸುತ್ತಿದ್ದುದನ್ನು ಡಿಯೊ ದಾಖಲಿಸಿದ್ದಾನೆ. ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಬಿಲ್ಲೆ ದಿನವಿಡೀ ಗೋಡೆ, ಗುಮ್ಮಟಗಳ ಮೇಲೆ ಸರಿಯುತ್ತದೆ. ಏಪ್ರಿಲ್ 21ರ ಆಸುಪಾಸಿನ ಮಧ್ಯಾಹ್ನ ಅದು ನೇರವಾಗಿ ಪ್ರವೇಶದ್ವಾರವನ್ನು ಬೆಳಗುತ್ತದೆ. ರೋಮನ್ನರ ನಂಬಿಕೆಯಂತೆ ಅದು ರೋಮ್ ನಗರ ಹುಟ್ಟಿದ ದಿನ. ಆ ಹೊತ್ತಿಗೆ ಚಕ್ರವರ್ತಿ ಬಾಗಿಲಲ್ಲಿ ಬಂದು ನಿಂತರೆ ಸೂರ್ಯನೇ ಅವನನ್ನು ಬರಮಾಡಿಕೊಂಡಂತೆ ಕಾಣುತ್ತಿತ್ತು ಎಂದು ಕೆಲವು ಸಂಶೋಧಕರು ವಿವರಿಸುತ್ತಾರೆ.

ಹೊಸ ದೇವರು, ಹೊಸ ಆಯುಷ್ಯ

ನಾಲ್ಕನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯ ಕ್ರೈಸ್ತ ಧರ್ಮದ ಕಡೆ ವಾಲಿತು. 391ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರುಗಳಿಗೆ ಬಲಿ ಕೊಡುವುದನ್ನೂ ಗುಡಿಗಳಿಗೆ ಹೋಗುವುದನ್ನೂ ನಿಷೇಧಿಸಿದ. ಗುಡಿಗಳ ಬಾಗಿಲು ಮುಚ್ಚಿದವು. ಪೂಜೆ ನಿಂತ ಮೇಲೆ ಅವುಗಳ ಅಮೃತಶಿಲೆ ಬರೀ ಸಾಮಗ್ರಿಯಾಯಿತು. ಕಂಬಗಳು ಬೇರೆ ಕಟ್ಟಡಗಳಿಗೆ ಹೋದವು. ಮೂರ್ತಿಗಳೂ ಫಲಕಗಳೂ ಸುಣ್ಣದ ಭಟ್ಟಿಗೆ ಬಿದ್ದವು. ಅಮೃತಶಿಲೆ ಸುಟ್ಟರೆ ಒಳ್ಳೆಯ ಸುಣ್ಣ ಸಿಗುತ್ತದೆ ಎಂಬುದೇ ಅವಕ್ಕೆ ಶಾಪವಾಯಿತು.

ಅದರ ಪರಿಣಾಮ ನೋಡಬೇಕಾದರೆ ಪ್ಯಾಂಥಿಯನ್ನಿನಿಂದ ಸ್ವಲ್ಪ ದೂರ ನಡೆದು ರೋಮನ್ ಫೋರಮ್ಮಿಗೆ ಹೋಗಬೇಕು. ಸಾಮ್ರಾಜ್ಯದ ಹೃದಯವಾಗಿದ್ದ ಈ ಬಯಲಿನಲ್ಲಿ ಸ್ಯಾಟರ್ನ್ ದೇವರ ಗುಡಿಯ ಎಂಟು ಕಂಬಗಳು, ಕ್ಯಾಸ್ಟರ್ ಮತ್ತು ಪೊಲಕ್ಸ್ ಅವಳಿ ದೇವರ ಗುಡಿಯ ಮೂರು ಕಂಬಗಳು ನಿಂತಿವೆ. ಮುಂದಿನ ಶತಮಾನಗಳಲ್ಲಿ ಇಲ್ಲಿ ದನ ಮೇಯುತ್ತಿದ್ದುದರಿಂದ ಜನ ಇದನ್ನು ಹಸುಗಳ ಬಯಲು ಎಂದೇ ಕರೆದರು. ಇದೇ ಬಯಲಿನಲ್ಲಿ ಆಂಟೊನೈನಸ್ ಮತ್ತು ಫೌಸ್ಟಿನಾ ಎಂಬ ರಾಜದಂಪತಿಯ ಗುಡಿ ಮಾತ್ರ ಕಂಬ, ಗೋಡೆಗಳ ಸಮೇತ ಉಳಿದಿದೆ. ಕಾರಣ, ಅದು ಇಗರ್ಜಿಯಾಗಿ ಬದಲಾಯಿತು. ಅದರ ಬಾಗಿಲು ಈಗ ಕೈಗೆಟುಕದ ಎತ್ತರದಲ್ಲಿದೆ. ಇಗರ್ಜಿಗೆ ಬಾಗಿಲಿಟ್ಟ ಕಾಲಕ್ಕೆ ನೆಲ ಅಷ್ಟು ಎತ್ತರ ಏರಿತ್ತು. ಪುರಾತತ್ವಜ್ಞರು ಮಣ್ಣು ತೆಗೆದ ಮೇಲೆ ಬಾಗಿಲು ಮೇಲೆಯೇ ಉಳಿಯಿತು. ಫ್ರಾನ್ಸಿನ ನೀಮ್ ಪಟ್ಟಣದಲ್ಲಿ ಇಡಿಯಾಗಿ ನಿಂತಿರುವ ರೋಮನ್ ಗುಡಿಯೂ ಇಗರ್ಜಿ, ಕುದುರೆ ಲಾಯ, ದಾಖಲೆಗಳ ಉಗ್ರಾಣ, ವಸ್ತುಸಂಗ್ರಹಾಲಯ ಹೀಗೆ ಒಂದಲ್ಲ ಒಂದು ಕೆಲಸಕ್ಕೆ ಬರುತ್ತಲೇ ಇತ್ತು.

ಪ್ಯಾಂಥಿಯನ್ನಿಗೆ ಆ ಅದೃಷ್ಟ 609ರಲ್ಲಿ ಬಂತು. ಆಗ ರೋಮಿನ ಸಾರ್ವಜನಿಕ ಕಟ್ಟಡಗಳ ಮೇಲಿನ ಹಕ್ಕು ದೂರದ ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ಚಕ್ರವರ್ತಿಯದು. ಪೋಪ್ ನಾಲ್ಕನೆಯ ಬೋನಿಫೇಸ್ ಈ ಕಟ್ಟಡವನ್ನು ಚಕ್ರವರ್ತಿ ಫೋಕಾಸನಿಂದ ಕೇಳಿ ಪಡೆದ. ಮೇ 13ರಂದು ಅದು ಕನ್ಯಾಮರಿಯಮ್ಮನಿಗೂ ಧರ್ಮಕ್ಕಾಗಿ ಪ್ರಾಣತೆತ್ತ ಎಲ್ಲ ಹುತಾತ್ಮರಿಗೂ ಅರ್ಪಿತವಾದ ಇಗರ್ಜಿಯಾಯಿತು. ಹುತಾತ್ಮರ ಅಸ್ಥಿಗಳನ್ನು 28 ಬಂಡಿಗಳಲ್ಲಿ ತಂದು ಇಲ್ಲಿ ಇರಿಸಿದರೆಂದು ಐತಿಹ್ಯ. ಪ್ರಾರ್ಥನೆಯ ಸದ್ದು ಕೇಳಿ ಒಳಗಿದ್ದ ಪಿಶಾಚಿಗಳು ಬೆಳಕಿಂಡಿಯಿಂದ ಹಾರಿಹೋದವೆಂಬ ದಂತಕಥೆಯೂ ಉಂಟು. ಎಲ್ಲ ದೇವರ ಮನೆ ಎಲ್ಲ ಹುತಾತ್ಮರ ಮನೆಯಾಯಿತು. ಒಳಗಿನ ಮೂರ್ತಿಗಳು ಹೋದವು. ಗೋಡೆ, ಗುಮ್ಮಟ, ಬೆಳಕಿಂಡಿ ಉಳಿದವು.

ಅಂದಿನಿಂದ ಈ ಕಟ್ಟಡಕ್ಕೆ ಗುಡಿಸುವವರು, ದೀಪ ಹಚ್ಚುವವರು, ಸೋರಿದರೆ ದುರಸ್ತಿ ಮಾಡಿಸುವವರು ಇದ್ದರು. ಗುಮ್ಮಟದ ಕೆಳಭಾಗದಲ್ಲಿ ಉದ್ದನೆಯ ಬಿರುಕುಗಳಿವೆ. ನೋಡಿಕೊಳ್ಳುವವರಿಲ್ಲದೆ ಸಾವಿರ ವರ್ಷ ಕಳೆದಿದ್ದರೆ ಬೇರು, ಮಳೆ, ಸುಣ್ಣದ ಭಟ್ಟಿ ಸೇರಿ ರೋಮನ್ ಕಾಂಕ್ರೀಟನ್ನೂ ಬಿಡುತ್ತಿರಲಿಲ್ಲ.

ಕಾಯುವವರೇ ಕಿತ್ತರು

ಇಗರ್ಜಿಯಾದ ಮಾತ್ರಕ್ಕೆ ಲೂಟಿ ತಪ್ಪಲಿಲ್ಲ ಎಂಬುದೂ ಅಷ್ಟೇ ನಿಜ. ವಿಚಿತ್ರವೆಂದರೆ ಇಲ್ಲಿ ಕೈಹಾಕಿದವರು ಪರಧರ್ಮದವರಲ್ಲ. 663ರಲ್ಲಿ ಎರಡನೆಯ ಕಾನ್‌ಸ್ಟಾನ್ಸ್ ಎಂಬ ಕ್ರೈಸ್ತ ಚಕ್ರವರ್ತಿ ರೋಮಿಗೆ ಭೇಟಿ ಕೊಟ್ಟ. ಹನ್ನೆರಡು ದಿನ ತಂಗಿದ್ದ. ಹೋಗುವಾಗ ಪ್ಯಾಂಥಿಯನ್ನಿನ ಮಾಡಿಗೆ ಹೊದಿಸಿದ್ದ ಕಂಚಿನ ಹೆಂಚುಗಳನ್ನು ಕೀಳಿಸಿ ಹಡಗಿಗೆ ತುಂಬಿಸಿದ. ಅವು ಸಿಸಿಲಿಯ ಸಿರಾಕ್ಯೂಸ್ ತಲುಪಿದವು. ಅವನು ಅಲ್ಲಿಯೇ ಕೊಲೆಯಾದ. ಕಂಚು ಮುಂದೆ ಅರಬ್ ದಾಳಿಕೋರರ ಪಾಲಾಯಿತು. ಬರಿಮೈಯಾದ ಗುಮ್ಮಟಕ್ಕೆ ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗರಿ ಸೀಸದ ತಗಡು ಹೊದಿಸಿದ.

ಮುಖಮಂಟಪದ ಮಾಡನ್ನು ಹೊತ್ತಿದ್ದ ಕಂಚಿನ ತೊಲೆಗಳು ಇನ್ನೂ ಸಾವಿರ ವರ್ಷ ಉಳಿದವು. ಅವನ್ನು ತೆಗೆಸಿದವನು ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನ್. ಕಾಲ 1625ರ ಸುಮಾರು. ಅದರ ಬಹುಪಾಲು ಕಂಚನ್ನು ಕರಗಿಸಿ ಸಾಂತ್ ಆಂಜೆಲೊ ಕೋಟೆಗೆ ಫಿರಂಗಿಗಳನ್ನು ಎರಕ ಹೊಯ್ಯಿಸಿದ. ಆ ಕೋಟೆ ಮೂಲದಲ್ಲಿ ಹೇಡ್ರಿಯನ್ನನ ಸಮಾಧಿ! ಹೇಡ್ರಿಯನ್ನನ ಗುಡಿಯ ಕಂಚು ಹೇಡ್ರಿಯನ್ನನ ಗೋರಿಯ ಮೇಲೆ ಫಿರಂಗಿಯಾಗಿ ಕುಳಿತಿತು. ಅನಾಗರಿಕ ಬಾರ್ಬೇರಿಯನ್ನರು ಮಾಡದೆ ಬಿಟ್ಟದ್ದನ್ನು ಬಾರ್ಬೆರಿನಿಗಳು ಮಾಡಿ ಮುಗಿಸಿದರು ಎಂಬ ಕುಹಕ ರೋಮಿನ ಬೀದಿಗಳಲ್ಲಿ ಹಬ್ಬಿತು. ಪೋಪನಿಗೆ ಅದರಿಂದ ನಾಚಿಕೆಯೇನೂ ಆದಂತಿಲ್ಲ. ಪ್ರಯೋಜನವಿಲ್ಲದ ಅಲಂಕಾರವನ್ನು ನಗರದ ರಕ್ಷಣೆಗೂ ವ್ಯಾಟಿಕನ್ನಿನ ಶೋಭೆಗೂ ಬಳಸಿದೆನೆಂದು ಆತ ಹಾಕಿಸಿದ ಶಾಸನ ಮುಖಮಂಟಪದಲ್ಲೇ ಇದೆ.

ಅದೇ ಪೋಪ್ ಬಿದ್ದುಹೋಗಿದ್ದ ಮೂಲೆಯ ಕಂಬವೊಂದನ್ನು ಮತ್ತೆ ನಿಲ್ಲಿಸಿದ. ಇನ್ನೆರಡನ್ನು ನಂತರ ಬಂದ ಪೋಪ್ ಏಳನೆಯ ಅಲೆಕ್ಸಾಂಡರ್ ನಿಲ್ಲಿಸಿದ. ಮಂಟಪದ ಎಡಬದಿಯ ಈ ಮೂರು ಕಂಬಗಳ ಶಿರೋಭಾಗವನ್ನು ಗಮನವಿಟ್ಟು ನೋಡಿದರೆ ರೋಮನ್ ಎಲೆಬಳ್ಳಿಗಳ ನಡುವೆ ಬಾರ್ಬೆರಿನಿ ಮನೆತನದ ಜೇನುಹುಳು, ಅಲೆಕ್ಸಾಂಡರನ ಮನೆತನದ ನಕ್ಷತ್ರ ಕಾಣುತ್ತವೆ. ಅರ್ಬನ್ ಮಂಟಪದ ಮೇಲೆ ಎರಡು ಗಂಟೆಗೋಪುರಗಳನ್ನೂ ಕಟ್ಟಿಸಿದ್ದ. ಜನ ಅವನ್ನು ಕತ್ತೆಯ ಕಿವಿಗಳೆಂದು ಗೇಲಿಮಾಡುತ್ತ ಬಂದರು. 1883ರಲ್ಲಿ ಅವನ್ನು ಕೆಡವಲಾಯಿತು.

ಕಿತ್ತವನೂ ಅವನೇ, ನಿಲ್ಲಿಸಿದವನೂ ಅವನೇ. ಬಳಕೆಯಲ್ಲಿರುವ ಕಟ್ಟಡದ ಪಾಡೇ ಹೀಗೆ. ಅದು ಉಳಿಯುತ್ತದೆ, ಆದರೆ ಇದ್ದಂತೆಯೇ ಉಳಿಯುವುದಿಲ್ಲ.

ಚಿತ್ರಕಾರನ ಪಕ್ಕದಲ್ಲಿ ಅರಸರು

ಒಳಗೆ ಎಡಗಡೆಯ ಗೋಡೆಯಲ್ಲಿ ಒಂದು ಸಮಾಧಿಯ ಮುಂದೆ ಸದಾ ಜನ ನೆರೆದಿರುತ್ತಾರೆ. ಅದು 1520ರ ಏಪ್ರಿಲ್ 6ರಂದು, 37ನೆಯ ವಯಸ್ಸಿನಲ್ಲಿ ತೀರಿಕೊಂಡ ಚಿತ್ರಕಾರ ರಾಫೆಲ್‌ನದು. ಪೋಪ್ ಹತ್ತನೆಯ ಲಿಯೊ ಪ್ರಾಚೀನ ರೋಮಿನ ಕಲ್ಲುಗಳ ಮೇಲ್ವಿಚಾರಣೆಯನ್ನು ಅವನಿಗೆ ವಹಿಸಿದ್ದ. ಹಳೆಯ ರೋಮನ್ನು ಸುಣ್ಣಕ್ಕಾಗಿ ಸುಡುತ್ತಿರುವುದನ್ನು ಕಂಡು ಮರುಗಿ ಅವನು ಪೋಪನಿಗೆ ಬರೆದ ಪತ್ರ ಕಲೆಯ ಇತಿಹಾಸದಲ್ಲಿ ಪ್ರಸಿದ್ಧ. ಅಂಥವನು ಮಲಗಲು ಆರಿಸಿಕೊಂಡದ್ದು ಸುಡದೆ ಉಳಿದ ಈ ಗುಡಿಯನ್ನು. ಮೂಳೆಗಳು ನಿಜವಾಗಿ ಇಲ್ಲಿವೆಯೇ ಎಂಬ ಅನುಮಾನ ಎದ್ದು 1833ರಲ್ಲಿ ಗೋರಿಯನ್ನು ತೆರೆದು ನೋಡಿದರು. ಇದ್ದವು.

ಏಕೀಕೃತ ಇಟಲಿಯ ಮೊದಲ ದೊರೆ ಎರಡನೆಯ ವಿಕ್ಟರ್ ಇಮ್ಯಾನ್ಯುಯೆಲ್ 1878ರಲ್ಲಿ ತೀರಿಕೊಂಡಾಗ ಅವನನ್ನೂ ಇಲ್ಲಿಯೇ ಹೂಳಲಾಯಿತು. ಎಂಟು ವರ್ಷದ ಹಿಂದಷ್ಟೇ, 1870ರಲ್ಲಿ, ಅವನ ಸೇನೆ ರೋಮನ್ನು ಪೋಪರ ಆಳ್ವಿಕೆಯಿಂದ ಕಸಿದುಕೊಂಡಿತ್ತು. ಹೊಸ ರಾಷ್ಟ್ರಕ್ಕೆ ತನ್ನದೆಂದು ಹೇಳಿಕೊಳ್ಳಲು ರೋಮನ್ ಕಾಲದ ಹಿರಿಮೆಯೂ ಬೇಕಿತ್ತು, ಕ್ರೈಸ್ತ ಸಂಸ್ಕಾರವೂ ಬೇಕಿತ್ತು. ಎರಡೂ ಒಂದೇ ಸೂರಿನಡಿ ಸಿಕ್ಕುವ ಜಾಗ ಇದು. 1900ರಲ್ಲಿ ಹತ್ಯೆಯಾದ ಅವನ ಮಗ ಮೊದಲನೆಯ ಉಂಬೆರ್ಟೊ, 1926ರಲ್ಲಿ ತೀರಿಕೊಂಡ ರಾಣಿ ಮಾರ್ಗರಿಟಾ ಕೂಡ ಇಲ್ಲಿದ್ದಾರೆ. 1946ರ ಜನಮತದಲ್ಲಿ ಇಟಲಿ ಅರಸೊತ್ತಿಗೆಯನ್ನೇ ತೊರೆಯಿತು. ಸಮಾಧಿಗಳು ಮಾತ್ರ ಅಲ್ಲಿಯೇ ಉಳಿದವು.

ಬಾಗಿಲ ಬಳಿಯ ಟಿಕೆಟ್

ಈ ಎಲ್ಲರ ಬೆನ್ನಿಗೆ ಕಡೆಯದಾಗಿ ಬಂದವನು ಪ್ರವಾಸಿ. ಅವನಿಂದ ಹಣ ಪಡೆಯಬೇಕೇ ಎಂಬ ಪ್ರಶ್ನೆ ಇಟಲಿಯಲ್ಲಿ ವರ್ಷಗಟ್ಟಲೆ ಚರ್ಚೆಯಾಯಿತು. 2018ರಿಂದ 2 ಯೂರೋ ಶುಲ್ಕ ವಿಧಿಸುವ ಪ್ರಸ್ತಾವ ಬಂದು, ಸರ್ಕಾರ ಬದಲಾದ ಮೇಲೆ ಬಿದ್ದುಹೋಯಿತು. ದೇವರ ಮನೆಗೆ ಟಿಕೆಟ್ಟೇ ಎಂಬುದು ವಿರೋಧಿಸಿದವರ ವಾದ. ಇಷ್ಟು ಜನ ತುಳಿಯುವ ಹಳೆಯ ಕಟ್ಟಡದ ನಿರ್ವಹಣೆಗೆ ಹಣ ಎಲ್ಲಿಂದ ತರಬೇಕು ಎಂಬುದು ಪರವಾದವರ ಪ್ರಶ್ನೆ. ಎರಡರಲ್ಲೂ ಹುರುಳಿತ್ತು. 2023ರಲ್ಲಿ ಸಂಸ್ಕೃತಿ ಸಚಿವಾಲಯವೂ ಇಗರ್ಜಿಯವರೂ ಒಪ್ಪಂದಕ್ಕೆ ಬಂದರು. ಟಿಕೆಟ್ ಹಣದಲ್ಲಿ ಶೇ. 70 ಸಚಿವಾಲಯಕ್ಕೆ, ಶೇ. 30 ರೋಮಿನ ಧರ್ಮಪ್ರಾಂತ್ಯಕ್ಕೆ. ರೋಮ್ ನಿವಾಸಿಗಳಿಗೂ 18 ತುಂಬದವರಿಗೂ ಭಕ್ತರಿಗೂ ವಿನಾಯಿತಿ.

609ರಲ್ಲಿ ಪೋಪ್ ಮತ್ತು ಚಕ್ರವರ್ತಿಯ ನಡುವೆ ನಡೆದಂಥದೇ ವ್ಯವಹಾರ ಇದು. ಕಟ್ಟಡ ಯಾರದು, ಅದನ್ನು ಯಾರು ಬಳಸಬಹುದು, ಖರ್ಚು ಯಾರ ಮೇಲೆ ಎಂಬುದನ್ನು ಪ್ರತಿ ಕಾಲವೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನಿಸುವವರೇ ಇಲ್ಲದೆ ಹೋದ ಗುಡಿಗಳ ಕಥೆಯನ್ನು ಫೋರಮ್ಮಿನ ಮೂರು ಕಂಬಗಳು ಹೇಳುತ್ತವೆ.

ಹೋಗುವವರು ನೆನಪಿಡಬೇಕಾದ ಮಾತುಗಳು ಹೆಚ್ಚಿಲ್ಲ. ಇದು ಪೂಜೆ ನಡೆಯುವ ಸ್ಥಳವಾದ್ದರಿಂದ ಭುಜ ಮುಚ್ಚುವ ಬಟ್ಟೆ ತೊಡುವುದು ಲೇಸು. ಗದ್ದಲ ಏರಿದಾಗ ಧ್ವನಿವರ್ಧಕದಲ್ಲಿ ಹಲವು ಭಾಷೆಗಳಲ್ಲಿ ಮೌನದ ಕೋರಿಕೆ ಕೇಳಿಬರುತ್ತದೆ. ಬಿಸಿಲಿರುವ ಮಧ್ಯಾಹ್ನ ಬಂದರೆ ಬೆಳಕಿನ ಬಿಲ್ಲೆಯ ನಡಿಗೆ ಚೆನ್ನಾಗಿ ಕಾಣುತ್ತದೆ. ಮಳೆಯ ದಿನವೂ ಬೇಸರಪಡಬೇಕಿಲ್ಲ. ಹಜಾರದ ನಟ್ಟನಡುವೆ ಮಾತ್ರ ಮಳೆ ಸುರಿದು 22 ತೂತುಗಳಲ್ಲಿ ಇಳಿದುಹೋಗುವುದನ್ನು ಸುತ್ತಲೂ ಒಣನೆಲದ ಮೇಲೆ ನಿಂತು ನೋಡಬಹುದು.

ವರ್ಷಕ್ಕೊಮ್ಮೆ ಪೆಂತೆಕೋಸ್ತ್ ಹಬ್ಬದ ಭಾನುವಾರ, ಬಲಿಪೂಜೆ ಮುಗಿಯುವ ಹೊತ್ತಿಗೆ, ರೋಮಿನ ಅಗ್ನಿಶಾಮಕ ದಳದವರು ಗುಮ್ಮಟದ ಮೇಲೆ ಹತ್ತಿ ಬೆಳಕಿಂಡಿಯಿಂದ ಕೆಂಪು ಗುಲಾಬಿ ದಳಗಳನ್ನು ಸುರಿಯುತ್ತಾರೆ. ಕೆಳಗೆ ಭಕ್ತರೂ ಪ್ರವಾಸಿಗರೂ ಬೇರೆಬೇರೆಯಾಗಿ ಕಾಣುವುದಿಲ್ಲ. ಎಲ್ಲರ ಮುಖವೂ ಮೇಲಕ್ಕಿರುತ್ತದೆ. ಸಂಜೆ ಜನರನ್ನು ಹೊರಗೆ ಕಳಿಸಿ, ಕಾವಲುಗಾರರು ಕಂಚಿನ ಬಾಗಿಲನ್ನು ಎಳೆದು ಹಾಕುತ್ತಾರೆ. ಬೆಳಕಿಂಡಿಯನ್ನು ಮುಚ್ಚುವ ಗೋಜಿಲ್ಲ. ಅದಕ್ಕೆ ಕದವಿಲ್ಲ.